ದುಡ್ಡು ಕೊಟ್ಟು ತರಿಸುವ ಕ್ರೈಸ್ತ ಮನೆಶಾಲೆ ಪಠ್ಯ: ನಿಮ್ಮ ಮನೆಗೆ ಒಗ್ಗುತ್ತದೆಯೇ?

ಶುಲ್ಕ ಕಟ್ಟಿದರೆ ಪುಸ್ತಕ, ವಿಡಿಯೊ, ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ಮನೆಗೇ ಬರುತ್ತವೆ. ಮಗು ದೇವರ ವಾಕ್ಯದ ನೆರಳಲ್ಲಿ ಬೆಳೆಯುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಕ್ರೈಸ್ತ ಕುಟುಂಬಗಳಿಗೆ ಈ ಮಾತು ಹಿಡಿಸಿದರೆ ಆಶ್ಚರ್ಯವಿಲ್ಲ. ಆದರೆ ದುಡ್ಡು ಕಟ್ಟುವ ಮುಂಚೆ ನಾವು ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ.

ಮನೆಯಲ್ಲೇ ಓದಿಸುವುದು ಅಪರಾಧವೇ?

ಹಲವರು ಹಾಗೆಂದುಕೊಂಡಿದ್ದಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ, 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಆದರೆ ಸೇರಿಸದ ಪಾಲಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಹೇಳಿಲ್ಲ. ಹಾಗೆಂದು ಮನೆಶಾಲೆಗೆ ಪ್ರತ್ಯೇಕ ಮಾನ್ಯತೆಯನ್ನೂ ಅದು ಕೊಟ್ಟಿಲ್ಲ. ಆದ್ದರಿಂದ ಶಾಲೆ ಬಿಡಿಸುವ ಮುನ್ನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಮಾತಾಡಿ.

ಆ ಪ್ರಮಾಣಪತ್ರ ಪಿಯುಸಿಗೆ ನಡೆಯುತ್ತದೆಯೇ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ವಿದೇಶಿ ಸಂಸ್ಥೆ ಕೊಟ್ಟ ಕಾಗದ ತಾನಾಗಿಯೇ ಎಸ್ಸೆಸ್ಸೆಲ್ಸಿಗೆ ಸಮನಾಗುವುದಿಲ್ಲ. 'ಮಾನ್ಯತೆ ಇದೆ' ಎಂದು ಮಾರಾಟಗಾರರು ಹೇಳಿದರೆ, ಯಾರು ಕೊಟ್ಟ ಮಾನ್ಯತೆ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ನೀವು ಸೇರಿಸಬೇಕೆಂದಿರುವ ಪಿಯು ಕಾಲೇಜಿನಲ್ಲಿ ಅದನ್ನು ತೋರಿಸಿ ವಿಚಾರಿಸಿ. ಭರವಸೆಯ ದಾರಿ ಬೇರೆ ಇದೆ: ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಹತ್ತನೇ ತರಗತಿಗೆ 14 ವರ್ಷ ತುಂಬಿದವರು ಸೇರಬಹುದು. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಲೂ ಅವಕಾಶವಿದೆ. ಈ ಎರಡರಲ್ಲಿ ಒಂದನ್ನು ಮೊದಲು ಗೊತ್ತುಮಾಡಿಕೊಳ್ಳಿ. ನೀವು ಕೊಳ್ಳುವ ಪಠ್ಯ ಆ ಪರೀಕ್ಷೆಗೆ ಮಗುವನ್ನು ತಯಾರು ಮಾಡುತ್ತದೆಯೇ ಎಂಬುದನ್ನು ಆಮೇಲೆ ನೋಡಿ.

ಪುಸ್ತಕದೊಳಗೆ ಏನಿದೆ?

ಬಾಸೆಲ್ ಮಿಶನ್ನಿನವರು 1841ರಲ್ಲಿ ಬೆಟಗೇರಿಗೆ ಬಂದು ನೆಲೆ ನಿಂತರು. ಅವರು ಈ ಭಾಗದಲ್ಲಿ ಕಲಿಸಿದ್ದು ಕನ್ನಡದಲ್ಲಿ. ಇಂದಿನ ಹೆಸರಾಂತ ಕ್ರೈಸ್ತ ಮನೆಶಾಲೆ ಪಠ್ಯಗಳು ಹುಟ್ಟಿದ್ದು ಅಮೆರಿಕದ ಮನೆಗಳಿಗಾಗಿ. 1970ರಲ್ಲಿ ಟೆಕ್ಸಾಸಿನಲ್ಲಿ ಶುರುವಾದ ಎಸಿಇ ಒಂದು ಉದಾಹರಣೆ. ಅದರಲ್ಲಿ ಮಗು ಒಂದೊಂದು ವಿಷಯಕ್ಕೆ ವರ್ಷಕ್ಕೆ ಸುಮಾರು 12 ಕಿರುಪುಸ್ತಕಗಳನ್ನು ತಾನೇ ಓದಿ, ತುಂಬಿಸಿ, ಉತ್ತರ ತಾಳೆ ನೋಡಬೇಕು. ಇಂಥ ಪಠ್ಯಗಳಲ್ಲಿ ಡಾಲರು, ಇಂಚು, ಅಮೆರಿಕದ ಇತಿಹಾಸ ಇರುತ್ತವೆ, ಕನ್ನಡ ಇರುವುದಿಲ್ಲ.

ವಿಜ್ಞಾನದ ಪುಸ್ತಕವನ್ನು ಬಿಡಿಸಿ ನೋಡಲೇಬೇಕು. ಇಂಥ ಕೆಲವು ಪಠ್ಯಗಳು ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷ ಎಂದು ಕಲಿಸುತ್ತವೆ. ಬಾದಾಮಿ–ಗಜೇಂದ್ರಗಡ ಭಾಗದ ಮರಳುಗಲ್ಲಿನ ಗುಡ್ಡಗಳೇ 50 ಕೋಟಿ ವರ್ಷಕ್ಕಿಂತ ಹಳೆಯವು; ಭೂಮಿಗೆ ಸುಮಾರು 454 ಕೋಟಿ ವರ್ಷ. ಇದನ್ನು ಒಪ್ಪಿದರೆ ನಂಬಿಕೆ ಬಿಟ್ಟಂತೆ ಎಂದೇನಿಲ್ಲ. ಒಪ್ಪಿಕೊಂಡು ದೇವರನ್ನು ನಂಬುವ ಕ್ರೈಸ್ತರು ಬಹಳ ಜನರಿದ್ದಾರೆ. ಆದರೆ ತಪ್ಪು ಕಲಿತ ಮಗು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತದೆ.

ಕಲಿಸುವವರು ಯಾರು?

ತಂದೆ ಹೊಲಕ್ಕೆ, ತಾಯಿ ದಿನವಿಡೀ ಮಗ್ಗದ ಮುಂದೆ. ಹೀಗಿರುವ ಮನೆಯಲ್ಲಿ ಮಗು ಇಂಗ್ಲಿಷಿನ ಒಂದು ಸಾಲಿನಲ್ಲಿ ಸಿಕ್ಕಿಬಿದ್ದರೆ ಬಿಡಿಸಿ ಹೇಳುವವರು ಬೇಕು. ದಿನಕ್ಕೆ ಎರಡು-ಮೂರು ತಾಸು ಜೊತೆಗೆ ಕೂರುವ ದೊಡ್ಡವರೊಬ್ಬರು ಮನೆಯಲ್ಲಿಲ್ಲದಿದ್ದರೆ ಎಷ್ಟು ಒಳ್ಳೆಯ ಪಠ್ಯವೂ ಕಪಾಟು ಸೇರುತ್ತದೆ.

ಹಾಗಾದರೆ ಏನು ಮಾಡೋಣ?

ಮಾದರಿ ಪಾಠ ತರಿಸಿ. ಬೇಸಿಗೆ ರಜೆಯಲ್ಲಿ ಎರಡು ವಾರ ಕಲಿಸಿ ನೋಡಿ. ಅಲ್ಲಿಯವರೆಗೆ ಶಾಲೆ ಬಿಡಿಸಬೇಡಿ. ಶುಲ್ಕದ ಜೊತೆಗೆ ಅಂಚೆ, ಇಂಟರ್ನೆಟ್, ಪರೀಕ್ಷಾ ಶುಲ್ಕ ಕೂಡಿಸಿ ವರ್ಷದ ಖರ್ಚು ಬರೆದಿಡಿ. ಹಣ ವಾಪಸು ಕೊಡುವ ನಿಯಮ ಓದಿ. ನಾಲ್ಕೂ ಪ್ರಶ್ನೆಗೆ ಸಮಾಧಾನದ ಉತ್ತರ ಸಿಕ್ಕರೆ ಮುಂದುವರಿಯಿರಿ. ನಿಮಗೆ ಬೇಕಾದದ್ದು ಧರ್ಮದ ಪಾಠ ಮಾತ್ರವಾದರೆ ಸಂಜೆಯ ಪ್ರಾರ್ಥನೆ, ಭಾನುವಾರದ ಸಂಡೇ ಸ್ಕೂಲು ಇದ್ದೇ ಇವೆ. ಅವುಗಳಿಗಾಗಿ ಶಾಲೆ ಬಿಡಿಸಬೇಕಿಲ್ಲ.