ಬಿಲ್ಲಸುರ್ಗಂ ಗುಹೆಗೆ ಹುಲಿ ಬಂದದ್ದು ಹೇಗೆ?

ಕಾಪುವಿನ ಪಿಲಿಕೋಲದಲ್ಲಿ, ಎಂದರೆ ಹುಲಿದೈವದ ಕೋಲದಲ್ಲಿ, ಪಿಲಿ ಬೆನ್ನಟ್ಟಿದಾಗ ಜನರ ಜತೆ ನಾನೂ ಓಡಿದವನು. ಆದರೆ ಹುಲಿಯ ಹಳೆಯ ಎಲುಬು ಸಿಕ್ಕ ಜಾಗ ನೋಡಲು ಕಾರ್ಕಳದಿಂದ ಘಟ್ಟ ಹತ್ತಿ, ಬಳ್ಳಾರಿ ದಾಟಿ, ಆಂಧ್ರದ ಬೇತಂಚೆರ್ಲ ಸೇರಬೇಕಾಯಿತು. ನಮ್ಮ ಮುರಕಲ್ಲಿನ ಮಣ್ಣು ಹುಳಿ. ಅದರ ಮೇಲೆ ನಾಲ್ಕು ತಿಂಗಳು ಮಳೆ ಹೊಯ್ದರೆ ಎಲುಬು ಉಳಿಯುವುದೆಲ್ಲಿ? ಬೇತಂಚೆರ್ಲದ ಬಳಿಯ ಬಿಲ್ಲಸುರ್ಗಂ ಸುಣ್ಣದಕಲ್ಲಿನ ಗುಹೆ; ನಮ್ಮ ಅಡುಗೆಮನೆಯ ಕಡಪ ಕಲ್ಲಿನ ಬಳಗವೇ. ಅದು ಎಲುಬನ್ನು ಕಾಪಾಡುತ್ತದೆ.

ಮೇಲ್ಛಾವಣಿ ಕುಸಿದ ಸುರಂಗವೊಂದು ಕಣಿವೆಯಾಗಿ ತೆರೆದುಕೊಂಡಿದೆ. ಎರಡೂ ಬದಿಗೆ ಬೂದು ಗೋಡೆ, ನಡುನಡುವೆ ಉಳಿದ ಕೋಣೆಗಳು. 1844ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಇಲ್ಲಿನ ಎಲುಬುಗಳ ಬಗ್ಗೆ ಬರೆದ. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಮಗ ಹೆನ್ರಿ ಅಗೆತ ಶುರುಮಾಡಿದರು. ಒಂದು ಕೋಣೆಗೆ ಅವರಿಟ್ಟ ಹೆಸರು ‘ಚಾರ್ನೆಲ್ ಹೌಸ್’, ಎಂದರೆ ಎಲುಬಿನ ಮನೆ. 1886ರಲ್ಲಿ ಪಳೆಯುಳಿಕೆ ತಜ್ಞ ಲಿಡೆಕ್ಕರ್ ಈ ಎಲುಬುಗಳ ಪಟ್ಟಿ ಮಾಡಿದಾಗ ಹುಲಿ, ಕಾಡುಬೆಕ್ಕು, ಈಗ ಆಫ್ರಿಕದಲ್ಲಷ್ಟೇ ಇರುವ ಮಚ್ಚೆಯ ಕತ್ತೆಕಿರುಬ ಎಲ್ಲವೂ ಅದರಲ್ಲಿದ್ದವು.

ಹುಲಿ ಗುಹೆಯೊಳಗೇ ಸತ್ತಿತೆ? ನನ್ನ ಅನುಮಾನ ಮುಳ್ಳುಹಂದಿಯ ಮೇಲೆ. ಕಾರ್ಕಳದ ಗುಡ್ಡಗಳಲ್ಲೂ ಇರುವ ಈ ಪ್ರಾಣಿ ಕಾಡಿನಲ್ಲಿ ಬಿದ್ದ ಒಣ ಎಲುಬನ್ನು ಬಿಲಕ್ಕೆ ಎಳೆದೊಯ್ದು ರಾತ್ರಿಯಿಡೀ ಕಡಿಯುತ್ತದೆ. ಸುಣ್ಣ, ರಂಜಕದ ಆಸೆಗೆ. ಬೆಳೆಯುತ್ತಲೇ ಇರುವ ಹಲ್ಲು ಸವೆಸುವುದಕ್ಕೆ. ಕಚ್ಚಿದ ಕಡೆ ಉಳಿ ಹಾಕಿದಂಥ ಸಾಲು ಗೀರು ಬೀಳುತ್ತದೆ. ಫೂಟ್ ಮನುಷ್ಯರದೆಂದು ಎತ್ತಿಟ್ಟ ಎಲುಬಿನ ಆಯುಧಗಳಲ್ಲಿ ಕೆಲವಾದರೂ ಈ ಹಲ್ಲಿನ ಕೆಲಸವೆಂದೇ ನನಗನ್ನಿಸುತ್ತದೆ. ನಾನು ಹೋದ ದಿನವೂ ಒಂದು ಕೋಣೆಯ ಮೂಲೆಯಲ್ಲಿ ಕಪ್ಪು ಬಿಳಿ ಪಟ್ಟೆಯ ಮುಳ್ಳೊಂದು ಬಿದ್ದಿತ್ತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ವಿದೇಶಿ ಸಂಗಾತಿಗಳು ಇಲ್ಲಿ ಮತ್ತೆ ಅಗೆದರು. ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನನ್ನು ಬೆರಗುಗೊಳಿಸಿತು: 2 ಲಕ್ಷ ವರ್ಷಗಳ ಪದರಗಳಲ್ಲಿ ಗುರುತಿಸಿದ 21 ಬಗೆಯ ಸ್ತನಿಗಳಲ್ಲಿ 20 ಇಂದಿಗೂ ಉಳಿದಿವೆ.

ಹುಲಿಯ ಒಗಟು ಮಾತ್ರ ಬೇರೆ. ಈಗ ಹುಲಿಯೇ ಇಲ್ಲದ ಶ್ರೀಲಂಕಾದಲ್ಲಿ, ಕುರುವಿಟದ ಬಳಿ, ಸುಮಾರು 16,500 ವರ್ಷ ಹಳೆಯ ಹುಲಿಯ ಎಲುಬು ಸಿಕ್ಕಿದೆ. ಕಡಲು ತಗ್ಗಿ ನೆಲ ಕೂಡಿದ್ದ ಕಾಲದಲ್ಲಿ ಅದು ನಮ್ಮ ದಕ್ಷಿಣವನ್ನು ಹಾದೇ ಹೋಗಿರಬೇಕು. ಬಿಲ್ಲಸುರ್ಗಂನ ಹುಲಿ ಅದರ ಹಿರೀಕನೋ, ಬಹಳ ತಡವಾಗಿ ಬಂದದ್ದೋ? ಫೂಟರ ಎಲುಬುಗಳ ಕಾಲ ಅಳೆದು, ಹಲ್ಲಿನ ಗೀರುಗಳನ್ನೂ ಸೂಕ್ಷ್ಮದರ್ಶಕದಡಿ ಒಂದೊಂದಾಗಿ ನೋಡುವವರು ಧಾರವಾಡದಿಂದಲೋ ಮಣಿಪಾಲದಿಂದಲೋ ಹೊರಡಲಿ ಎಂದು ನನ್ನಾಸೆ.