ಮೊದಲು ಬಂದವನೇ ಚಾಂಪಿಯನ್ನೇ? ಯುರೋಪಿನ ಕಾರು ಪಂದ್ಯಗಳ ಬಗ್ಗೆ ಎಂಟು ತಪ್ಪು ಕಲ್ಪನೆಗಳು

1894ರ ಜುಲೈ 22ರಂದು ಪ್ಯಾರಿಸ್‌ನಿಂದ ರುವಾಂ ಪಟ್ಟಣಕ್ಕೆ ಕುದುರೆಯಿಲ್ಲದ ಗಾಡಿಗಳ ಸ್ಪರ್ಧೆ ನಡೆಯಿತು. ಎಲ್ಲರಿಗಿಂತ ಮೊದಲು ತಲುಪಿದ್ದು ಕೌಂಟ್ ದ ದಿಯೋನ್ ಓಡಿಸಿದ ಉಗಿ ವಾಹನ. ಪ್ರಥಮ ಬಹುಮಾನ ಮಾತ್ರ ಪ್ಯೂಜೊ ಮತ್ತು ಪನಾರ್-ಲೆವಾಸೋರ್ ಕಂಪನಿಗಳ ಪಾಲಾಯಿತು. ಸ್ಪರ್ಧೆ ಏರ್ಪಡಿಸಿದ್ದ ‘ಲೆ ಪೆತಿ ಜುರ್ನಾಲ್’ ಪತ್ರಿಕೆ ಕೇಳಿದ್ದು ಅಪಾಯವಿಲ್ಲದ, ಸುಲಭವಾಗಿ ನಡೆಸಬಲ್ಲ, ಓಡಿಸಲು ಹೆಚ್ಚು ಖರ್ಚು ಬೀಳದ ಗಾಡಿಯನ್ನು. ದ ದಿಯೋನ್‌ನ ವಾಹನದಲ್ಲಿ ಬೆಂಕಿ ನೋಡಿಕೊಳ್ಳಲು ಇನ್ನೊಬ್ಬ ಆಳು ಬೇಕಿತ್ತು. ಹಾಗಾಗಿ ಮೊದಲ ಬಹುಮಾನ ಅವನಿಗೆ ದಕ್ಕಲಿಲ್ಲ.

ಯುರೋಪಿನ ಕಾರು ಪಂದ್ಯಗಳ ಚರಿತ್ರೆಯುದ್ದಕ್ಕೂ ಇದೇ ಪ್ರಶ್ನೆ ಬರುತ್ತದೆ: ಏನನ್ನು ಅಳೆದು ಗೆಲುವು ಎನ್ನಬೇಕು? ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಆಯಾ ಕಾಲದ ನಿಯಮವನ್ನು ಮರೆತು ಹೆಸರು, ಇಸವಿಗಳನ್ನಷ್ಟೇ ನೆನಪಿಟ್ಟುಕೊಂಡಾಗ ತಪ್ಪು ಕಲ್ಪನೆಗಳು ಹುಟ್ಟುತ್ತವೆ. ಅವುಗಳಲ್ಲಿ ಎಂಟು ಇಲ್ಲಿವೆ.

1. ತಪ್ಪು ಕಲ್ಪನೆ: ರ‍್ಯಾಲಿ ಮತ್ತು ಸರ್ಕ್ಯೂಟ್ ರೇಸ್ ಮೊದಲಿನಿಂದಲೂ ಬೇರೆ ಬೇರೆ ಕ್ರೀಡೆಗಳು

ಸತ್ಯ: ಎರಡರ ಮೂಲವೂ ಊರಿಂದ ಊರಿಗೆ ಸಾಗುತ್ತಿದ್ದ ರಸ್ತೆ ಪಂದ್ಯ. 1895ರಲ್ಲಿ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಪಂದ್ಯದ ದೂರ ಸಾವಿರ ಕಿಲೋಮೀಟರಿಗೂ ಹೆಚ್ಚು. ರಸ್ತೆಗಳು ತೆರೆದೇ ಇರುತ್ತಿದ್ದವು. ಜನ, ದನ, ಗಾಡಿಗಳ ನಡುವೆಯೇ ಕಾರುಗಳು ಓಡುತ್ತಿದ್ದವು. 1903ರ ಪ್ಯಾರಿಸ್–ಮ್ಯಾಡ್ರಿಡ್ ಪಂದ್ಯದಲ್ಲಿ ಸರಣಿ ಅಪಘಾತಗಳಾದವು. ರೆನೊ ಕಂಪನಿಯ ಸ್ಥಾಪಕರಲ್ಲೊಬ್ಬನಾದ ಮಾರ್ಸೆಲ್ ರೆನೊ ಸತ್ತ. ಪಂದ್ಯವನ್ನು ಬೋರ್ಡೊದಲ್ಲೇ ನಿಲ್ಲಿಸಬೇಕಾಯಿತು.

ಅಲ್ಲಿಂದ ದಾರಿ ಕವಲೊಡೆಯಿತು. ವೇಗ ಬೇಕೆನ್ನುವವರು ಸಂಚಾರ ಮುಚ್ಚಿದ ರಸ್ತೆಗಳ ಮೇಲೆ ಸುತ್ತು ಹಾಕುವ ಪಂದ್ಯಗಳತ್ತ ಹೋದರು. 1906ರಲ್ಲಿ ಲೆ ಮಾನ್ ಬಳಿ ನಡೆದ ಮೊದಲ ಫ್ರೆಂಚ್ ಗ್ರ್ಯಾನ್ ಪ್ರಿ ಆ ಸಾಲಿನದು. ಎರಡು ದಿನಗಳ ಆ ಪಂದ್ಯವನ್ನು ರೆನೊ ಕಾರಿನಲ್ಲಿ ಫೆರೆಂಕ್ ಸಿಸ್ ಗೆದ್ದ. ತೆರೆದ ರಸ್ತೆಯ ದೂರಪ್ರಯಾಣ ಬೇಕೆನ್ನುವವರು ರ‍್ಯಾಲಿಯತ್ತ ಹೊರಳಿದರು. 1911ರ ಜನವರಿಯಲ್ಲಿ ಮೊದಲ ಮಾಂಟೆ ಕಾರ್ಲೊ ರ‍್ಯಾಲಿ ನಡೆಯಿತು. ಸ್ಪರ್ಧಿಗಳು ಯುರೋಪಿನ ಬೇರೆ ಬೇರೆ ನಗರಗಳಿಂದ ಹೊರಟು ಚಳಿಗಾಲದ ದಾರಿ ಸವೆಸಿ ಮೊನಾಕೊ ಸೇರಿದರು. ತೂರ್ಕಾ-ಮೇರಿ ಕಾರಿನ ಆನ್ರಿ ರೂಜಿಯೆ ವಿಜೇತನಾದ. ಅಂಕ ಕೊಡುವಾಗ ಪ್ರಯಾಣಿಕರಿಗಿದ್ದ ಅನುಕೂಲ, ಕಾರು ಬಂದು ಸೇರಿದ ಸ್ಥಿತಿ ಎಲ್ಲವನ್ನೂ ನೋಡಿದ್ದರು.

2. ತಪ್ಪು ಕಲ್ಪನೆ: ರ‍್ಯಾಲಿ ಎಂದರೆ ಕಾಡುದಾರಿಯಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕುವ ರೇಸ್

ಸತ್ಯ: ರ‍್ಯಾಲಿಯಲ್ಲಿ ಕಾರುಗಳು ಒಂದೊಂದಾಗಿ ನಿಗದಿತ ಅಂತರದಲ್ಲಿ ಹೊರಡುತ್ತವೆ. ಚಾಲಕ ಸೆಣಸುವುದು ಗಡಿಯಾರದ ಜೊತೆ. ಸಂಚಾರ ಮುಚ್ಚಿದ ದಾರಿಯ ತುಂಡುಗಳಿಗೆ ಸ್ಪೆಷಲ್ ಸ್ಟೇಜ್ ಎನ್ನುತ್ತಾರೆ. ಅಲ್ಲಿನ ಸಮಯವೆಲ್ಲ ಕೂಡಿ ಫಲಿತಾಂಶ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಸಾರ್ವಜನಿಕ ರಸ್ತೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಏಷ್ಯಾ–ಪೆಸಿಫಿಕ್ ರ‍್ಯಾಲಿ ನಡೆದಾಗ ನೋಡಿದವರಿಗೆ ಇದು ಗೊತ್ತು. ಸ್ಟೇಜಿನಲ್ಲಿ ಧೂಳೆಬ್ಬಿಸಿ ಹಾರಿಹೋದ ಅದೇ ಕಾರು ಆಮೇಲೆ ಊರ ರಸ್ತೆಯಲ್ಲಿ ಬಸ್ಸಿನ ಹಿಂದೆ ಸಂಚಾರ ನಿಯಮ ಪಾಲಿಸುತ್ತ ಸಾಗುತ್ತದೆ. ಸಮಯ ತಪಾಸಣೆಯ ಠಾಣೆಗೆ ತಡವಾಗಿ ಬಂದರೆ ದಂಡ. ಹೇಳಿದ ನಿಮಿಷಕ್ಕಿಂತ ಮುಂಚೆ ಬಂದರೂ ದಂಡ. ಪಕ್ಕದಲ್ಲಿ ಕೂತು ತಿರುವುಗಳ ಟಿಪ್ಪಣಿ ಓದುವ ಸಹಚಾಲಕ ಲೆಕ್ಕ ತಪ್ಪಿದರೆ ಚಾಲಕನ ಕೌಶಲವೆಲ್ಲ ವ್ಯರ್ಥ.

ಸ್ಪೆಷಲ್ ಸ್ಟೇಜುಗಳೇ ಫಲಿತಾಂಶ ನಿರ್ಧರಿಸುವ ಪದ್ಧತಿ ಯುರೋಪಿನಲ್ಲಿ ಬೇರೂರಿದ್ದು 1960ರ ದಶಕದಲ್ಲಿ. ಅದಕ್ಕೂ ಮೊದಲು ರ‍್ಯಾಲಿಯ ಕಷ್ಟವಿದ್ದದ್ದು ಸರಾಸರಿ ವೇಗ ಕಾಪಾಡುವುದರಲ್ಲಿ, ನಿದ್ದೆಗೆಟ್ಟು ಹಗಲಿರುಳು ಓಡಿಸುವುದರಲ್ಲಿ.

3. ತಪ್ಪು ಕಲ್ಪನೆ: ಹೆಚ್ಚು ಪಂದ್ಯ ಗೆದ್ದವನೇ ಚಾಂಪಿಯನ್

ಸತ್ಯ: ಅಂಕದ ನಿಯಮ ಯಾರನ್ನು ಮೇಲಿಟ್ಟಿತೋ ಅವನೇ ಚಾಂಪಿಯನ್. ಗ್ರ್ಯಾನ್ ಪ್ರಿ ಚಾಲಕರ ಯುರೋಪಿಯನ್ ಚಾಂಪಿಯನ್‌ಷಿಪ್ ಶುರುವಾದದ್ದು 1931ರಲ್ಲಿ. ಇಟಲಿ, ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಹತ್ತು ಹತ್ತು ಗಂಟೆಗಳ ಮೂರು ಪಂದ್ಯಗಳು ನಡೆದವು. ಅವುಗಳಲ್ಲಿ ಒಂದನ್ನೂ ಗೆಲ್ಲದ ಫರ್ಡಿನಾಂಡೊ ಮಿನೋಯಾ ಮೊದಲ ಯುರೋಪಿಯನ್ ಚಾಂಪಿಯನ್ ಆದ.

1935ರಲ್ಲಿ ಚಾಂಪಿಯನ್‌ಷಿಪ್ ಮತ್ತೆ ಆರಂಭವಾದಾಗ ಲೆಕ್ಕ ಇಂದಿನದಕ್ಕೆ ತಿರುವುಮುರುವಾಗಿತ್ತು. ಗೆದ್ದವನಿಗೆ 1 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 3. ಉಳಿದವರಿಗೆ ಓಡಿದ ದೂರ ನೋಡಿ 4ರಿಂದ 7. ಪಂದ್ಯಕ್ಕೆ ಬಾರದವನಿಗೆ 8. ವರ್ಷದ ಕೊನೆಗೆ ಯಾರ ಅಂಕ ಕಡಿಮೆಯೋ ಅವನಿಗೆ ಪಟ್ಟ. ರುಡಾಲ್ಫ್ ಕರಾಚಿಯೋಲಾ 1935, 1937, 1938ರಲ್ಲಿ, ಬರ್ನ್ಡ್ ರೋಸೆಮಾಯರ್ 1936ರಲ್ಲಿ ಹೀಗೆ ಚಾಂಪಿಯನ್ ಆದರು. 1939ರ ಪಟ್ಟ ಯಾರದು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಹಿಂದಿನ ಲೆಕ್ಕದ ಪ್ರಕಾರ ಹರ್ಮನ್ ಪಾಲ್ ಮ್ಯುಲರ್ ಮುಂದಿದ್ದ. ಜರ್ಮನಿಯ ಮೋಟಾರು ಕ್ರೀಡಾ ಸಂಸ್ಥೆ ಹರ್ಮನ್ ಲಾಂಗ್‌ನನ್ನು ಚಾಂಪಿಯನ್ ಎಂದು ಸಾರಿತು. ಅಷ್ಟರಲ್ಲಿ ಯುದ್ಧ ಹತ್ತಿಕೊಂಡಿದ್ದರಿಂದ ಅಂತರರಾಷ್ಟ್ರೀಯ ಸಂಸ್ಥೆಯ ತೀರ್ಮಾನ ಹೊರಬೀಳಲೇ ಇಲ್ಲ.

ಆಮೇಲಿನ ಕಾಲದಲ್ಲೂ ಉದಾಹರಣೆಗಳಿವೆ. 1958ರಲ್ಲಿ ಸ್ಟರ್ಲಿಂಗ್ ಮಾಸ್ ನಾಲ್ಕು ಗ್ರ್ಯಾನ್ ಪ್ರಿ ಗೆದ್ದ, ಮೈಕ್ ಹಾಥಾರ್ನ್ ಒಂದೇ ಒಂದು. ಹಾಥಾರ್ನ್ 42–41 ಅಂಕಗಳಿಂದ ವಿಶ್ವ ಚಾಂಪಿಯನ್ ಆದ. 1967ರಲ್ಲಿ ಆರಂಭವಾದ ಫಾರ್ಮುಲಾ ಟು ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಆಗಲೇ ಹೆಸರು ಮಾಡಿದ್ದ ಚಾಲಕರನ್ನು ‘ಶ್ರೇಣೀಕೃತ’ರೆಂದು ಗುರುತಿಸಿ ಅಂಕದಿಂದ ಹೊರಗಿಟ್ಟರು. ಯೋಖೆನ್ ರಿಂಟ್ ಪಂದ್ಯದ ಮೇಲೆ ಪಂದ್ಯ ಗೆದ್ದ. ಪಟ್ಟ ಹೋದದ್ದು ಯುವಕ ಜಾಕಿ ಇಕ್ಸ್‌ಗೆ. ಹೊಸಬರನ್ನು ಬೆಳೆಸುವುದೇ ಆ ಚಾಂಪಿಯನ್‌ಷಿಪ್‌ನ ಉದ್ದೇಶವಾಗಿತ್ತು ಎಂದು ತಿಳಿದರೆ ನಿಯಮದ ನ್ಯಾಯ ಅರ್ಥವಾಗುತ್ತದೆ.

4. ತಪ್ಪು ಕಲ್ಪನೆ: ಫಾರ್ಮುಲಾ ಒನ್ ಹುಟ್ಟಿದ್ದು 1950ರಲ್ಲಿ

ಸತ್ಯ: 1950ರಲ್ಲಿ ಹುಟ್ಟಿದ್ದು ಚಾಲಕರ ವಿಶ್ವ ಚಾಂಪಿಯನ್‌ಷಿಪ್. ಮೇ 13ರಂದು ಸಿಲ್ವರ್‌ಸ್ಟೋನ್‌ನಲ್ಲಿ ಅದರ ಮೊದಲ ಪಂದ್ಯ ಗೆದ್ದ ಜುಸೆಪ್ಪೆ ಫರೀನಾ ಆ ವರ್ಷದ ಚಾಂಪಿಯನ್ ಕೂಡ ಆದ. ಫಾರ್ಮುಲಾ ಒನ್ ಎಂಬುದು ಕಾರು ಹೇಗಿರಬೇಕೆಂದು ಹೇಳುವ ನಿಯಮಾವಳಿ. ಅದು ಮಹಾಯುದ್ಧ ಮುಗಿದ ಬೆನ್ನಿಗೇ ರೂಪುಗೊಂಡಿತ್ತು, ಅದರಂತೆ ಪಂದ್ಯಗಳೂ ನಡೆದಿದ್ದವು. ಎರಡನ್ನೂ ಒಂದೇ ಎಂದುಕೊಂಡರೆ 1952 ಮತ್ತು 1953 ಬಿಡಿಸಲಾಗದ ಒಗಟಾಗುತ್ತವೆ. ಆ ಎರಡು ವರ್ಷ ವಿಶ್ವ ಚಾಂಪಿಯನ್‌ಷಿಪ್‌ನ ಗ್ರ್ಯಾನ್ ಪ್ರಿಗಳು ನಡೆದದ್ದು ಫಾರ್ಮುಲಾ ಟು ಕಾರುಗಳಲ್ಲಿ. ಎರಡೂ ಬಾರಿ ಅಲ್ಬೆರ್ಟೊ ಅಸ್ಕಾರಿ ಚಾಂಪಿಯನ್. 1950ರಿಂದ 1960ರವರೆಗೆ ಅಮೆರಿಕದ ಇಂಡಿಯಾನಾಪೊಲಿಸ್ 500 ಪಂದ್ಯವೂ ಈ ಪಟ್ಟಿಯಲ್ಲಿತ್ತು, ಅದರ ಕಾರುಗಳ ನಿಯಮ ಬೇರೆಯೇ ಆಗಿದ್ದರೂ. ಚಾಂಪಿಯನ್‌ಷಿಪ್‌ಗೆ ಸೇರದ ಫಾರ್ಮುಲಾ ಒನ್ ಪಂದ್ಯಗಳು 1983ರವರೆಗೂ ನಡೆದವು.

5. ತಪ್ಪು ಕಲ್ಪನೆ: ಯುರೋಪಿಯನ್ ರ‍್ಯಾಲಿ ಚಾಂಪಿಯನ್‌ಷಿಪ್ ವಿಶ್ವ ರ‍್ಯಾಲಿಯ ಮರಿ

ಸತ್ಯ: ವಯಸ್ಸಿನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ಪೇ ಇಪ್ಪತ್ತು ವರ್ಷ ಹಿರಿದು. ಅದು ಆರಂಭವಾದದ್ದು 1953ರಲ್ಲಿ. ಜರ್ಮನಿಯ ಹೆಲ್ಮುಟ್ ಪೊಲೆನ್ಸ್ಕಿ ಮೊದಲ ಚಾಂಪಿಯನ್. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಬಂದದ್ದು 1973ರಲ್ಲಿ, ಅದೂ ಕಾರು ತಯಾರಕರಿಗೆ ಮಾತ್ರ. ಆ ವರ್ಷ ಗೆದ್ದದ್ದು ಆಲ್ಪೀನ್-ರೆನೊ ಎಂಬ ಕಂಪನಿ. 1973ರ ‘ವಿಶ್ವ ರ‍್ಯಾಲಿ ಚಾಂಪಿಯನ್ ಚಾಲಕ’ ಎಂದು ಯಾರ ಹೆಸರು ಬರೆದರೂ ತಪ್ಪು. ಚಾಲಕರಿಗೆ 1977 ಮತ್ತು 1978ರಲ್ಲಿ ಒಂದು ಕಪ್ ಕೊಟ್ಟರು. ಸಾಂಡ್ರೊ ಮುನಾರಿ, ಮಾರ್ಕು ಅಲೆನ್ ಅದನ್ನು ಪಡೆದರು. ಪೂರ್ಣ ಪ್ರಮಾಣದ ಚಾಲಕರ ಪಟ್ಟ 1979ರಲ್ಲಿ ಬಂತು. ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡ್ ಮೊದಲಿಗ. ಯುರೋಪಿಯನ್ ಚಾಂಪಿಯನ್‌ಷಿಪ್ ಇವತ್ತಿಗೂ ನಡೆಯುತ್ತಿದೆ. 2006ರಲ್ಲಿ ಹುಟ್ಟಿದ ಇಂಟರ್‌ಕಾಂಟಿನೆಂಟಲ್ ರ‍್ಯಾಲಿ ಚಾಲೆಂಜ್ 2013ರಲ್ಲಿ ಅದರೊಳಗೇ ಸೇರಿಹೋಯಿತು.

6. ತಪ್ಪು ಕಲ್ಪನೆ: ಔಡಿ ಕ್ವಾಟ್ರೊ ಬಂದ ಕೂಡಲೇ ಎರಡು ಚಕ್ರ ಚಾಲನೆಯ ಕಾರುಗಳ ಕಥೆ ಮುಗಿಯಿತು

ಸತ್ಯ: ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಕ್ವಾಟ್ರೊ 1981ರಲ್ಲಿ ವಿಶ್ವ ರ‍್ಯಾಲಿಗೆ ಇಳಿದು, ಸ್ವೀಡನ್ನಿನ ಹಿಮದ ಮೇಲೆ ಹನ್ನು ಮಿಕೋಲಾ ಚಾಲನೆಯಲ್ಲಿ ಮೊದಲ ಜಯ ಕಂಡಿತು. ಆದರೆ ಆ ವರ್ಷದ ಚಾಲಕರ ಪಟ್ಟ ಹಿಂಚಕ್ರ ಚಾಲನೆಯ ಫೋರ್ಡ್ ಎಸ್ಕಾರ್ಟ್ ಓಡಿಸಿದ ಆರಿ ವಾಟನೆನ್‌ಗೆ ಹೋಯಿತು. 1982ರ ಚಾಲಕರ ಪಟ್ಟ ಹಿಂಚಕ್ರ ಚಾಲನೆಯದೇ ಆದ ಓಪೆಲ್ ಆಸ್ಕೋನಾದ ವಾಲ್ಟರ್ ರೋರ್ಲ್‌ಗೆ. 1983ರ ತಯಾರಕರ ಪಟ್ಟವನ್ನೂ ಹಿಂಚಕ್ರ ಚಾಲನೆಯ ಲಾನ್ಸಿಯಾ 037 ಗೆದ್ದಿತು. ಕ್ವಾಟ್ರೊಗೆ ಎಂಜಿನ್ನಿನ ಭಾರವೆಲ್ಲ ಮುಂದೆ. ಮಣ್ಣು, ಹಿಮದ ಮೇಲೆ ಅದರ ಹಿಡಿತಕ್ಕೆ ಸಾಟಿಯಿರಲಿಲ್ಲ. ಡಾಂಬರಿನ ತಿರುವುಗಳಲ್ಲಿ ಹಗುರವಾದ ಲಾನ್ಸಿಯಾ ಅದನ್ನು ಮೀರಿಸುತ್ತಿತ್ತು. 1984ರಲ್ಲಿ ಎರಡೂ ಪಟ್ಟಗಳು ಔಡಿಗೆ ಬಂದವು. ಹೊಸ ಯಂತ್ರವಿದ್ಯೆ ಹಳೆಯದನ್ನು ಪೂರ್ತಿ ಬದಿಗೆ ಸರಿಸಲು ಮೂರು ಋತುಗಳು ಹಿಡಿದವು.

7. ತಪ್ಪು ಕಲ್ಪನೆ: ಇದು ಗಂಡಸರ ಕ್ರೀಡೆ, ಹೆಂಗಸರಿದ್ದದ್ದು ಮಹಿಳಾ ಬಹುಮಾನಕ್ಕೆ ಮಾತ್ರ

ಸತ್ಯ: ಮಹಿಳಾ ಬಹುಮಾನಗಳು ಇದ್ದವು, ನಿಜ. ಆದರೆ ಒಟ್ಟಾರೆ ಪಂದ್ಯವನ್ನೇ ಗೆದ್ದವರಿದ್ದಾರೆ. ಸ್ಟರ್ಲಿಂಗ್ ಮಾಸ್‌ನ ತಂಗಿ ಪ್ಯಾಟ್ ಮಾಸ್ 1960ರಲ್ಲಿ ಸಹಚಾಲಕಿ ಆ್ಯನ್ ವಿಸ್ಡಮ್ ಜೊತೆ ಲಿಯೇಜ್–ರೋಮ್–ಲಿಯೇಜ್ ರ‍್ಯಾಲಿ ಗೆದ್ದರು. ದಿನಗಟ್ಟಲೆ ವಿಶ್ರಾಂತಿಯೇ ಇಲ್ಲದಂತೆ ಪರ್ವತದ ದಾರಿಗಳಲ್ಲಿ ಓಡಿಸಬೇಕಾದ, ಯುರೋಪಿನ ಅತಿ ಕಠಿಣ ರ‍್ಯಾಲಿಗಳಲ್ಲಿ ಒಂದು ಅದು. ಅವರ ಕಾರು ಆಸ್ಟಿನ್-ಹೀಲಿ 3000.

ಫ್ರಾನ್ಸಿನ ಮಿಶೆಲ್ ಮೂತೋಂ 1981ರಲ್ಲಿ ಇಟಲಿಯ ಸಾನ್ರೆಮೊ ರ‍್ಯಾಲಿ ಗೆದ್ದು, ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಪಂದ್ಯ ಗೆದ್ದ ಮೊದಲ ಮಹಿಳೆಯಾದರು. ಪಕ್ಕದಲ್ಲಿ ಸಹಚಾಲಕಿ ಫಾಬ್ರಿಸಿಯಾ ಪೋನ್ಸ್ ಇದ್ದರು. ಮರುವರ್ಷ ಪೋರ್ಚುಗಲ್, ಗ್ರೀಸ್, ಬ್ರೆಜಿಲ್‌ಗಳಲ್ಲಿ ಗೆದ್ದು, ರೋರ್ಲ್‌ಗಿಂತ 12 ಅಂಕ ಹಿಂದೆ ಚಾಲಕರ ಪಟ್ಟಿಯಲ್ಲಿ ಎರಡನೆಯ ಸ್ಥಾನ ಪಡೆದರು. ರ‍್ಯಾಲಿಯ ಗಡಿಯಾರ ಗಂಡು ಹೆಣ್ಣೆಂದು ನೋಡುವುದಿಲ್ಲ. ಹೆಣ್ಣುಮಕ್ಕಳಿಗೆ ಒಳ್ಳೆಯ ಕಾರು ಸಿಗುವ ಅವಕಾಶವೇ ಅಪರೂಪವಾಗಿತ್ತು. ಸಿಕ್ಕಾಗ ಏನಾಯಿತು ಎಂಬುದಕ್ಕೆ ಈ ಫಲಿತಾಂಶಗಳೇ ಸಾಕ್ಷಿ.

8. ತಪ್ಪು ಕಲ್ಪನೆ: ದುರಂತ ನಡೆದಾಗಲೆಲ್ಲ ಪಂದ್ಯವನ್ನೇ ನಿಷೇಧಿಸಿದರು

ಸತ್ಯ: ನಿಷೇಧಗಳು ಜನ ಅಂದುಕೊಂಡಷ್ಟು ಸರಳವಾಗಿರಲಿಲ್ಲ. 1955ರ ಜೂನ್ 11ರಂದು ಲೆ ಮಾನ್ 24 ಗಂಟೆಗಳ ಪಂದ್ಯದಲ್ಲಿ ಪಿಯೇರ್ ಲೆವೆಗ್‌ನ ಮರ್ಸಿಡಿಸ್ ಜನರ ಮೇಲೆರಗಿ, ಅವನೂ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರೂ ಸತ್ತರು. ಪಂದ್ಯ ನಿಲ್ಲಲಿಲ್ಲ. ಜನರೆಲ್ಲ ಒಮ್ಮೆಲೇ ಹೊರಟರೆ ಆಂಬುಲೆನ್ಸುಗಳ ದಾರಿ ಕಟ್ಟುತ್ತದೆ ಎಂಬುದು ಸಂಘಟಕರು ಕೊಟ್ಟ ಕಾರಣ. ಮರ್ಸಿಡಿಸ್ ತಂಡ ರಾತ್ರಿಯೇ ಹಿಂದೆ ಸರಿಯಿತು. ಆ ಬಳಿಕ ಸ್ವಿಟ್ಜರ್ಲೆಂಡ್ ನಿಷೇಧಿಸಿದ್ದು ಸರ್ಕ್ಯೂಟ್ ರೇಸನ್ನು; ಬೆಟ್ಟ ಏರುವ ಪಂದ್ಯಗಳೂ ರ‍್ಯಾಲಿಗಳೂ ಅಲ್ಲಿ ಮುಂದುವರಿದವು. 1982ರ ಸ್ವಿಸ್ ಗ್ರ್ಯಾನ್ ಪ್ರಿ ನಡೆದದ್ದು ಗಡಿಯಾಚೆ, ಫ್ರಾನ್ಸಿನ ಡಿಜೋಂನಲ್ಲಿ. ಆ ಋತುವಿನ ಚಾಂಪಿಯನ್ ಕೇಕೆ ರೋಸ್‌ಬರ್ಗ್ ವರ್ಷವಿಡೀ ಗೆದ್ದ ಏಕೈಕ ಪಂದ್ಯ ಅದು.

ರ‍್ಯಾಲಿಯ ‘ಗ್ರೂಪ್ ಬಿ’ ವರ್ಗದ ಅತಿ ಶಕ್ತಿಶಾಲಿ ಕಾರುಗಳ ಸುತ್ತಲೂ ದಂತಕಥೆ ಬೆಳೆದಿದೆ. 1986ರ ಮಾರ್ಚ್‌ನಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಕಾರೊಂದು ಪ್ರೇಕ್ಷಕರೊಳಗೆ ನುಗ್ಗಿ ಸಾವುಗಳಾದವು. ದೊಡ್ಡ ತಂಡಗಳು ಹಿಂದೆ ಸರಿದವು. ಮೇ 2ರಂದು ಕಾರ್ಸಿಕಾದಲ್ಲಿ ಹೆನ್ರಿ ಟೋಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಲಾನ್ಸಿಯಾ ಡೆಲ್ಟಾ ಎಸ್4ರಲ್ಲಿ ಸುಟ್ಟುಹೋದರು. ಆ ವರ್ಷದ ಕೊನೆಗೆ ಗ್ರೂಪ್ ಬಿ ವಿಶ್ವ ರ‍್ಯಾಲಿಯಿಂದ ಹೊರಬಿತ್ತು. ರ‍್ಯಾಲಿ ಕಡಿಮೆ ಶಕ್ತಿಯ ಗ್ರೂಪ್ ಎ ಕಾರುಗಳೊಡನೆ ಮುಂದುವರಿಯಿತು. ಟೋಯ್ವೊನೆನ್ ಅದೇ ಡೆಲ್ಟಾವನ್ನು ಎಸ್ಟೊರಿಲ್ ಸರ್ಕ್ಯೂಟ್‌ನಲ್ಲಿ ಓಡಿಸಿ ಆ ವರ್ಷದ ಫಾರ್ಮುಲಾ ಒನ್ ಸಾಲಿನಲ್ಲಿ ಆರನೆಯ ಸ್ಥಾನಕ್ಕೆ ಸಲ್ಲುವ ಸಮಯ ದಾಖಲಿಸಿದ ಎಂಬ ಕಥೆ ಈಗಲೂ ಓಡಾಡುತ್ತಿದೆ. ಯಾವ ಅಧಿಕೃತ ಪಂದ್ಯದ ಸಮಯಪಟ್ಟಿಯೂ ಅದಕ್ಕೆ ಆಧಾರವಾಗಿಲ್ಲ. ಎಸ್ಟೊರಿಲ್ ಗ್ರ್ಯಾನ್ ಪ್ರಿ ನಡೆದದ್ದು ಸೆಪ್ಟೆಂಬರಿನಲ್ಲಿ, ಅವನು ಸತ್ತ ನಾಲ್ಕು ತಿಂಗಳ ಮೇಲೆ. ಲೆಕ್ಕವೂ ಕೂಡಿಬರುವುದಿಲ್ಲ: ಡೆಲ್ಟಾಕ್ಕೆ ನಿಯಮ ವಿಧಿಸಿದ ಕನಿಷ್ಠ ತೂಕ 890 ಕಿಲೋ, ಶಕ್ತಿ ಸುಮಾರು 500 ಅಶ್ವಶಕ್ತಿ. ಅಂದಿನ ಫಾರ್ಮುಲಾ ಒನ್ ಕಾರಿನ ಕನಿಷ್ಠ ತೂಕ 540 ಕಿಲೋ. ಅರ್ಹತಾ ಸುತ್ತಿನಲ್ಲಿ ಅದರ ಟರ್ಬೊ ಎಂಜಿನ್ ಸಾವಿರ ಅಶ್ವಶಕ್ತಿ ದಾಟುತ್ತಿತ್ತು. ಟೋಯ್ವೊನೆನ್ ದೊಡ್ಡ ಚಾಲಕ ಎನ್ನಲು ಈ ಕಥೆ ಬೇಕಾಗಿಯೇ ಇಲ್ಲ. 1986ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಅವನು ಗೆದ್ದಿದ್ದ, ಅದು ದಾಖಲೆಯಲ್ಲಿದೆ.

ಇಪ್ಪತ್ತು ವರ್ಷ ಹಿಂದೆ ಅದೇ ಮಾಂಟೆ ಕಾರ್ಲೊದಲ್ಲಿ ಅವನ ತಂದೆ ಪೌಲಿ ಟೋಯ್ವೊನೆನ್ ವಿಜೇತ ಎನಿಸಿಕೊಂಡಿದ್ದ. 1966ರ ಆ ರ‍್ಯಾಲಿಯಲ್ಲಿ ಮೊದಲ ಮೂರು ಸ್ಥಾನಕ್ಕೆ ಬಂದದ್ದು ಬ್ರಿಟನ್ನಿನ ಮಿನಿ ಕಾರುಗಳು. ಅವುಗಳ ಹೆಡ್‌ಲೈಟಿನ ಡಿಪ್ ವ್ಯವಸ್ಥೆ ನಿಯಮಕ್ಕೆ ಹೊಂದುವುದಿಲ್ಲವೆಂದು ಸಂಘಟಕರು ಅನರ್ಹಗೊಳಿಸಿದರು. ಸಿಟ್ರೊಯೆನ್ ಓಡಿಸಿದ ಪೌಲಿಗೆ ಗೆಲುವು ಬಂತು. ತೀರ್ಪು ಸರಿಯೇ ಎಂಬ ಜಗಳ ಇನ್ನೂ ನಿಂತಿಲ್ಲ. ಅದನ್ನು ಬಲ್ಲವರು ಆ ಫಲಿತಾಂಶ ಓದುವ ರೀತಿಯೇ ಬೇರೆ.

ಹಾಗೆ ಓದುವುದು ಕಷ್ಟವೇನಲ್ಲ. ‘ಮೊದಲ ಚಾಂಪಿಯನ್’, ‘ಅತಿ ವೇಗದ ಕಾರು’ ಎಂಬ ಮಾತು ಕಂಡಾಗ ಮೂರು ಪ್ರಶ್ನೆ ಕೇಳಿದರೆ ಸಾಕು: ಯಾವ ಚಾಂಪಿಯನ್‌ಷಿಪ್? ಪಟ್ಟ ಚಾಲಕನಿಗೋ ತಯಾರಕರಿಗೋ? ಆ ವರ್ಷ ಅಂಕ ಕೊಟ್ಟದ್ದು ಯಾವ ಲೆಕ್ಕದಲ್ಲಿ? ಈ ಮೂರಕ್ಕೆ ಉತ್ತರ ಸಿಕ್ಕಿದಾಗ ಗೆದ್ದವರ ಶ್ರಮದ ನಿಜವಾದ ಅಳತೆ ಸಿಗುತ್ತದೆ. ಸೋತವರಿಗೆ, ಲೆಕ್ಕದಿಂದ ಹೊರಗುಳಿದವರಿಗೆ ಸಲ್ಲಬೇಕಾದ ಗೌರವವೂ ಸಲ್ಲುತ್ತದೆ.