ಲಕೋಟೆಯೊಳಗಿನ ಕುಸುರೆಳ್ಳು

ಹಬ್ಬದ ಶುಭಾಶಯವನ್ನು ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಹುಟ್ಟಿತು. 1843ರಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿ ಚಿತ್ರಕಾರ ಹಾರ್ಸ್ಲಿಯವರಿಂದ ಬರೆಸಿದ ಕ್ರಿಸ್‌ಮಸ್ ಕಾರ್ಡನ್ನು ಅದರ ಮೊದಲ ಮಾದರಿಯೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಆದರೆ ಅದೇ ಕಾರ್ಡು ಗುಲಬರ್ಗಾ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯನ್ನು ತಲುಪಿದಾಗ ಇಲ್ಲಿ ಮೊದಲಿನಿಂದ ಕೈಯಿಂದ ಕೈಗೆ ನಡೆಯುತ್ತಿದ್ದ ಕೊಡುಕೊಳ್ಳುವಿಕೆಯೊಂದರ ಜಾಗದಲ್ಲಿ ನಿಂತಿತು. ದಸರೆಯಲ್ಲಿ ಬಂಗಾರವೆಂದು ಬನ್ನಿ ಎಲೆಯನ್ನೂ ಸಂಕ್ರಾಂತಿಯಲ್ಲಿ ಎಳ್ಳನ್ನೂ ಕಿರಿಯರು ಹಿರಿಯರ ಕೈಯಲ್ಲಿಟ್ಟು ಕಾಲಿಗೆ ಬೀಳುವುದು, ಹಿರಿಯರು ಹರಸುವುದು ಈ ಭಾಗದ ವಾಡಿಕೆ. ಊರು ಬಿಟ್ಟು ದುಡಿಯಲು ಹೋದವರಿಗೆ ಅದನ್ನು ದೂರದಿಂದಲೇ ನೆರವೇರಿಸುವ ದಾರಿಯಾಗಿ ಒದಗಿದ್ದು ಅಂಚೆ.

ಈ ದಾರಿ ಆಳಂದ ತಾಲೂಕಿನ ನಿಂಬರ್ಗಾದಂಥ ಊರುಗಳಿಗೆ ಸಲೀಸಾಗಿ ತೆರೆದದ್ದಲ್ಲ. ಬ್ರಿಟಿಷ್ ಭಾರತದಲ್ಲಿ 1879ರಲ್ಲಿಯೇ ಕಾಲು ಆಣೆಯ ಪೋಸ್ಟ್‌ಕಾರ್ಡು ಬಂದಿದ್ದರೂ ಗುಲಬರ್ಗಾ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು, ಮತ್ತು ಆ ಸಂಸ್ಥಾನಕ್ಕೆ 1869ರಿಂದ ತನ್ನವೇ ಅಂಚೆಚೀಟಿಗಳಿದ್ದವು; ಈ ಪ್ರತ್ಯೇಕ ಅಂಚೆ ಭಾರತದ ಅಂಚೆಯಲ್ಲಿ ಸೇರಿಹೋದದ್ದು 1950ರಲ್ಲಿ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ 23,344 ಅಂಚೆ ಕಚೇರಿಗಳಿದ್ದವು, ಇಂದು ಸುಮಾರು 1.64 ಲಕ್ಷ ಇವೆ, ಅವುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಹಳ್ಳಿಗಳಲ್ಲಿಯೇ ಇವೆ. ಸೊಲ್ಲಾಪುರ, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ದುಡಿಯಲು ಹೋದವರ ಕಾಗದ ಊರಿನ ಮನೆ ಬಾಗಿಲಿಗೆ ಬರುವಂತಾದದ್ದು ಈ ವಿಸ್ತರಣೆಯಿಂದ. 'ಮು. ಪೋ. ನಿಂಬರ್ಗಾ, ತಾ. ಆಳಂದ, ಜಿ. ಗುಲಬರ್ಗಾ' ಎಂಬ ಬಗೆಯ ವಿಳಾಸದಲ್ಲಿ 'ಮು.' ಎಂದರೆ ಮುಕ್ಕಾಂ, ಅಂದರೆ ವಾಸದ ಊರು, 'ಪೋ.' ಎಂದರೆ ಆ ಊರಿಗೆ ಅಂಚೆ ಹಂಚುವ ಕಚೇರಿ ಇರುವ ಸ್ಥಳ. ಎರಡೂ ಒಂದೇ ಆಗಿರುವುದು ದೊಡ್ಡ ಊರಿನ ಲಕ್ಷಣ.

ಸಂಕ್ರಾಂತಿಯ ಕಾರ್ಡನ್ನು ಉಳಿದ ಹಬ್ಬಗಳ ಕಾರ್ಡುಗಳಿಂದ ಬೇರೆ ಮಾಡಿದ್ದು ಅದರೊಳಗಿನ ಕುಸುರೆಳ್ಳು, ಅಂದರೆ ಸಕ್ಕರೆಯ ಸಣ್ಣ ಮುಳ್ಳುಗಳೆದ್ದ ಎಳ್ಳಿನ ಕಾಳು. ಇದನ್ನು ಮಾಡುವುದು ತಾಳ್ಮೆಯ ಕೆಲಸ: ಸಣ್ಣ ಕೆಂಡದ ಮೇಲೆ ಅಗಲವಾದ ಪಾತ್ರೆಯಿಟ್ಟು, ಹುರಿದ ಎಳ್ಳಿಗೆ ತೆಳುವಾದ ಸಕ್ಕರೆ ಪಾಕವನ್ನು ಚಮಚದಷ್ಟೇ ಹನಿಸಿ, ಬೆರಳ ತುದಿಗಳಿಂದ ಆಡಿಸುತ್ತ, ಒಂದು ಪದರು ಒಣಗಿದ ಮೇಲೆಯೇ ಮತ್ತೊಂದು ಹನಿ ಹಾಕಬೇಕು; ಉರಿ ಹೆಚ್ಚಾದರೆ ಪಾಕ ಕಂದುತ್ತದೆ, ಪಾಕ ಹೆಚ್ಚಾದರೆ ಕಾಳುಗಳು ಒಂದಕ್ಕೊಂದು ಅಂಟಿ ಮುಳ್ಳೇಳುವುದಿಲ್ಲ. ಹೀಗೆ ಮೂಡಿದ ಬಿಳಿ, ಗುಲಾಬಿ, ಹಳದಿ ಕಾಳುಗಳನ್ನು ಚಿಟಿಕೆಯಷ್ಟು ಕಾಗದದ ಪೊಟ್ಟಣದಲ್ಲಿ ಕಟ್ಟಿ, 'ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ' ಎಂಬ ಮಾತಿನ ಕಾರ್ಡಿನೊಳಗೆ ಇಟ್ಟು ಕಳಿಸುತ್ತಿದ್ದರು. ಅಂಚೆಯ ಮುದ್ರೆಯ ಪೆಟ್ಟಿಗೆ ಎಷ್ಟೋ ಕಾಳು ಪುಡಿಯಾಗುತ್ತಿದ್ದವು. ಆ ಪುಡಿಯನ್ನೂ ಮನೆಯವರೆಲ್ಲ ಹಂಚಿಕೊಳ್ಳುತ್ತಿದ್ದರು, ಏಕೆಂದರೆ ಕೊಟ್ಟವರ ಕೈ ಮುಟ್ಟಿದ ಎಳ್ಳೇ ಮುಖ್ಯ, ಅದರ ಆಕಾರವಲ್ಲ.

ಅಂಚೆ ದರವೂ ಸಂಬಂಧಗಳನ್ನು ತೂಗಿ ನೋಡುತ್ತಿತ್ತು. ಲಕೋಟೆಯ ಬಾಯಿಯನ್ನು ಅಂಟಿಸದೆ ಒಳಕ್ಕೆ ಮಡಚಿ, ಮೇಲೆ 'ಬುಕ್ ಪೋಸ್ಟ್' ಎಂದು ಬರೆದರೆ, ಅಚ್ಚಾದ ಸಾಮಗ್ರಿಗೆ ಮೀಸಲಾದ ಕಡಿಮೆ ದರದಲ್ಲಿ ಕಾರ್ಡು ಹೋಗುತ್ತಿತ್ತು, ಆದರೆ ಅದರಲ್ಲಿ ಕೈಬರಹ ಒಂದೆರಡು ಮಾತಿಗಿಂತ ಹೆಚ್ಚು ಇರುವಂತಿರಲಿಲ್ಲ. ಎಳ್ಳು ಇಟ್ಟವರು ಬಾಯಿ ಅಂಟಿಸಿ ಪೂರ್ತಿ ದರ ತೆರಲೇಬೇಕಿತ್ತು. ಹೀಗಾಗಿ ಪರಿಚಯದವರಿಗೆ ಬುಕ್ ಪೋಸ್ಟ್, ತವರುಮನೆಗೆ, ಸೋದರಮಾವನಿಗೆ, ಅಕ್ಕನಿಗೆ ಎಳ್ಳಿನ ಲಕೋಟೆ ಎಂಬ ವಿಂಗಡಣೆ ಸಹಜವಾಗಿಯೇ ಏರ್ಪಟ್ಟಿತು. ಕಿರಿಯರದು ಮೊದಲು ಹೋಗಿ 'ಸಾಷ್ಟಾಂಗ ನಮಸ್ಕಾರ' ತಿಳಿಸಬೇಕು, ಹಿರಿಯರದು 'ಆಶೀರ್ವಾದ' ಹೊತ್ತು ಮರಳಬೇಕು ಎಂಬ ಕ್ರಮವೂ ಕಾಗದದಲ್ಲಿ ಕೆಡದೆ ಉಳಿದದ್ದು ಗಮನಿಸಬೇಕಾದ ಸಂಗತಿ.

ಈ ಕ್ರಮ ಸಡಿಲಗೊಂಡದ್ದು ಎಸ್‌ಟಿಡಿ ಬೂತುಗಳ ಕಾಲದಲ್ಲಿ. ಹಬ್ಬದ ದಿನವೇ ದನಿ ಕೇಳಿಸುವಾಗ ವಾರದ ಮೊದಲೇ ಕಾರ್ಡು ಹಾಕುವ ಅಗತ್ಯ ಉಳಿಯಲಿಲ್ಲ. ಆಮೇಲೆ ಮೊಬೈಲ್ ಸಂದೇಶ ಬಂದಿತು, ಹಬ್ಬದ ದಿನಗಳಲ್ಲಿ ರಿಯಾಯಿತಿ ದರವನ್ನು ಕಂಪನಿಗಳು ತಡೆಹಿಡಿಯುವಷ್ಟು ಅದು ಬೆಳೆಯಿತು. ಅದರ ಹಿಂದೆಯೇ ವಾಟ್ಸ್‌ಆ್ಯಪ್ ಬಂದಿತು. ಕಾಗದ ಹೋದದ್ದಕ್ಕಿಂತ ದೊಡ್ಡ ನಷ್ಟ, ಹಿರಿಯರಿಗೂ ಗೆಳೆಯರಿಗೂ ಒಂದೇ ಚಿತ್ರ ಒಂದೇ ಗಳಿಗೆಯಲ್ಲಿ ಹೋಗುವುದರಿಂದ ನಮಸ್ಕಾರ ಮತ್ತು ಆಶೀರ್ವಾದ ಎರಡೂ ಇಲ್ಲವಾದದ್ದು. ಊರೊಳಗೆ ಮಾತ್ರ ಸಂಕ್ರಾಂತಿಯ ಸಂಜೆ ಮಕ್ಕಳು ಮನೆಮನೆಗೆ ಎಳ್ಳು ಕೊಡಲು ಹೋಗುವುದು ಇನ್ನೂ ಉಳಿದಿದೆ.

ಹಳೆಯ ಟ್ರಂಕುಗಳಲ್ಲಿ, ಹಾಳಾಗದಂತೆ ಕಟ್ಟಿಟ್ಟ ಕಾಗದದ ಗಂಟುಗಳಲ್ಲಿ ಈ ಕಾರ್ಡುಗಳು ಇಂದಿಗೂ ಸಿಗುತ್ತವೆ. ಅಚ್ಚಿನ ಶೈಲಿ, ಕನ್ನಡದ ಒಕ್ಕಣೆ, ವಲಸೆ ಹೋದವರ ವಿಳಾಸ, ಊರಿನ ಅಂಚೆಯ ಮುದ್ರೆಯ ತಾರೀಖು ಇವೆಲ್ಲ ಒಂದೇ ಹಾಳೆಯಲ್ಲಿ ದೊರೆಯುವ ಆಕರ ಅಪರೂಪ. ಗುಲಬರ್ಗಾ ವಿಶ್ವವಿದ್ಯಾಲಯವಾಗಲಿ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವಾಗಲಿ ಇವನ್ನು ಊರೂರಿನಿಂದ ಸಂಗ್ರಹಿಸುವ ಕೆಲಸವನ್ನು, ಬರೆದವರೂ ಪಡೆದವರೂ ಬದುಕಿರುವಾಗಲೇ, ಅವರ ಮಾತುಗಳ ಸಮೇತ ಕೈಗೆತ್ತಿಕೊಳ್ಳಬೇಕು.